ಎರಡನೇ ಸಲ ವಿಯೆಟ್ನಾಂಗೆ ಹೋಗುವ ಮುಂಚೆ

ನನ್ನ ಫೋನಿನಲ್ಲಿ ಒಂದು ಫೋಟೋ ಇದೆ. ಸುತ್ತ ಹಸಿರು ಹುಲ್ಲು. ನಡುವೆ ದುಂಡಗಿನ ತಗ್ಗು, ಅದರ ತುಂಬ ಮಳೆನೀರು. ಹಿಂದೆ ಕೆಂಪು ಇಟ್ಟಿಗೆಯ ಹಳೇ ಗುಡಿಯ ಗೋಡೆ. ವಿಯೆಟ್ನಾಂನ ಮೀ ಸೋನ್‌ನಲ್ಲಿ ತೆಗೆದದ್ದು. ವಾಪಸ್ ಬಂದ ಮೇಲೆ ಇದನ್ನು ಎಷ್ಟೋ ಜನರಿಗೆ ತೋರಿಸಿದ್ದೆ. "ಗುಡಿಯ ಪಕ್ಕದ ಕೊಳ ನೋಡಿ, ಎಷ್ಟು ಚೆನ್ನಾಗಿದೆ" ಅಂತ.

ಅದು ಕೊಳ ಅಲ್ಲ. ಬಾಂಬು ಬಿದ್ದು ಆದ ಗುಂಡಿ. 1969ರ ಆಗಸ್ಟ್‌ನಲ್ಲಿ ಅಮೆರಿಕದ ವಿಮಾನಗಳು ಮೀ ಸೋನ್ ಕಣಿವೆಯ ಮೇಲೆ ಬಾಂಬು ಸುರಿಸಿದವು. ಸಾವಿರ ವರ್ಷ ನಿಂತಿದ್ದ ಗುಡಿಗಳು ಕೆಲವೇ ದಿನಗಳಲ್ಲಿ ನೆಲಕ್ಕೆ ಬಿದ್ದವು. ಫ್ರೆಂಚ್ ವಿದ್ವಾಂಸರು ಅಲ್ಲಿ ಸುಮಾರು ಎಪ್ಪತ್ತು ಕಟ್ಟಡಗಳನ್ನು ಗುರುತಿಸಿ ದಾಖಲೆ ಮಾಡಿಟ್ಟಿದ್ದರು. ಈಗ ಉಳಿದಿರುವುದು ಇಪ್ಪತ್ತರ ಆಸುಪಾಸು.

ಇದು ನನಗೆ ಗೊತ್ತಾಗಿದ್ದು ಊರಿಗೆ ಬಂದು ಐದು ತಿಂಗಳಾದ ಮೇಲೆ, ಬೇರೇನೋ ಓದುತ್ತಿದ್ದಾಗ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಆ ಗುಂಡಿಯ ಅಂಚಿನಲ್ಲಿ ನಿಂತು ನಗುನಗುತ್ತಾ ಫೋಟೋ ತೆಗೆದಿದ್ದೆ. ಪಕ್ಕದಲ್ಲಿ ಅಲ್ಲಿನವರೇ ಆದ ಒಬ್ಬ ವಯಸ್ಸಾದವರು ನಿಂತಿದ್ದರು. ಅವರು ಏನೂ ಹೇಳಲಿಲ್ಲ. ಆ ಮುಖ ಈಗಲೂ ನೆನಪಿದೆ.

ಒಂದು ದೇಶಕ್ಕೆ ಹೋಗುವ ಮುಂಚೆ ಅದರ ಬಗ್ಗೆ ಓದಬೇಕು ಅನ್ನುವುದನ್ನು ನಾನು ಕಲಿತಿದ್ದು ಹೀಗೆ. ಓದಿದರೆ ದುಡ್ಡು ಉಳಿಯುತ್ತದೆ, ಮೋಸ ಹೋಗುವುದಿಲ್ಲ ಅಂತೆಲ್ಲ ಹೇಳುತ್ತಾರೆ. ಅದೂ ಸರಿಯೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಇನ್ನೊಬ್ಬರ ಮನೆಗೆ ಹೋಗುವಾಗ ಆ ಮನೆಯಲ್ಲಿ ಇತ್ತೀಚೆಗೆ ಏನು ನಡೆದಿದೆ ಅಂತ ತಿಳಿದುಕೊಂಡು ಹೋಗುತ್ತೇವೆ ಅಲ್ವಾ? ಸಾವಾದ ಮನೆಗೆ ಹೋಗಿ ಜೋರಾಗಿ ನಗುವುದಿಲ್ಲ. ದೇಶಕ್ಕೂ ಅದೇ ಮರ್ಯಾದೆ ಸಲ್ಲಬೇಕು.

ಮೊದಲ ಸಲ ಹೋಗಿದ್ದು ಅಕ್ಟೋಬರ್ ಕೊನೆಯಲ್ಲಿ. ನಾನು ಮತ್ತು ಅಕ್ಕ. ಆ ತಿಂಗಳೇ ಯಾಕೆ ಅಂದರೆ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಆಗ, ಅಷ್ಟೇ. "ವಿಯೆಟ್ನಾಂನಲ್ಲಿ ಹವಾಮಾನ ಹೇಗಿರುತ್ತೆ" ಅಂತ ಒಮ್ಮೆ ಹುಡುಕಿದ್ದೆ. ಬಿಸಿಲು ಜಾಸ್ತಿ, ತೇವ ಜಾಸ್ತಿ ಅಂತ ಇತ್ತು. ಸಾಕು ಅಂದುಕೊಂಡೆ. ಹೋಯ್ ಆನ್ ತಲುಪಿದ ಮಾರನೇ ದಿನ ಮಾತ್ರ ಮಳೆ ಇರಲಿಲ್ಲ, ಅವತ್ತೇ ಮೀ ಸೋನ್‌ಗೆ ಹೋಗಿ ಬಂದೆವು. ಅಂದು ರಾತ್ರಿ ಶುರುವಾದ ಮಳೆ ನಾಲ್ಕು ದಿನ ಬಿಡಲಿಲ್ಲ. ತೂ ಬೋನ್ ನದಿ ಉಕ್ಕಿ ಬೀದಿಗೆ ಬಂತು.

ನಾವಿದ್ದದ್ದು ನದಿಗೆ ಹತ್ತಿರದ ಒಂದು ಸಣ್ಣ ಮನೆ. ಕೆಳಗೆ ಮನೆಯವರು, ಮೇಲೆ ಬಾಡಿಗೆಗೆ ಎರಡು ಕೋಣೆ. ಮನೆಯ ಅಜ್ಜಿ, ಮಗ, ಸೊಸೆ, ಮೊಮ್ಮಗ ಎಲ್ಲ ಸೇರಿ ಕುರ್ಚಿ, ಮೇಜು, ಫ್ರಿಜ್, ಅಕ್ಕಿ ಡಬ್ಬ ಒಂದೊಂದಾಗಿ ಮೇಲಕ್ಕೆ ಸಾಗಿಸಿದರು. ಯಾರ ಮುಖದಲ್ಲೂ ಗಾಬರಿ ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಎಲ್ಲರಿಗೂ ಗೊತ್ತಿತ್ತು. ಕೆಳಗಿನ ಗೋಡೆಯ ಮೇಲೆ ಕೆಲವು ಅಡ್ಡ ಗೆರೆಗಳಿದ್ದವು, ಪಕ್ಕದಲ್ಲಿ ಇಸವಿ ಬರೆದಿತ್ತು. ಒಂದರ ಪಕ್ಕ 1964, ಇನ್ನೊಂದರ ಪಕ್ಕ 1999. ಏನಿದು ಅಂತ ಮೊಮ್ಮಗನನ್ನು ಕೇಳಿದೆ. "ನೀರು" ಅಂದ. ಅಷ್ಟೇ ಹೇಳಿ ಇನ್ನೊಂದು ಕುರ್ಚಿ ಎತ್ತಿಕೊಂಡ.

ಅಜ್ಜಿ ದಿನಕ್ಕೆರಡು ಸಲ ಮೇಲೆ ಬಂದು ನಮ್ಮ ಬಾಗಿಲಲ್ಲಿ ನಿಂತು ಏನೋ ಕೇಳುತ್ತಿದ್ದರು. ನಮಗೆ ತಿಳಿಯುತ್ತಿರಲಿಲ್ಲ. "ಓಕೆ ಮೇಡಂ, ಓಕೆ" ಅಂತ ನಗುತ್ತಿದ್ದೆವು. ಅವರೂ ನಕ್ಕು ಇಳಿದು ಹೋಗುತ್ತಿದ್ದರು.

ಊಟದ ವಿಷಯದಲ್ಲಿ ಅಕ್ಕನಿಗೆ ಇನ್ನೂ ಕಷ್ಟವಾಯಿತು. ಅವಳು ಸಸ್ಯಾಹಾರಿ. ತರಕಾರಿ ಮಾತ್ರ ಹಾಕಿ ಅಂತ ಕೈಸನ್ನೆ ಮಾಡಿ ಹೇಳಿದರೆ ತರಕಾರಿಯೇ ಬರುತ್ತಿತ್ತು, ಆದರೆ ಮೀನಿನ ವಾಸನೆ ಇರುತ್ತಿತ್ತು. ಕೊನೆಗೆ ಬರೀ ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು ದಿನ ಕಳೆದಳು. "ಇವರಿಗೆ ಹೇಳಿದ್ದು ಅರ್ಥ ಆಗಲ್ಲ" ಅಂದಳು. ನಾನೂ ಹೌದು ಅಂದೆ. ಅರ್ಥ ಮಾಡಿಕೊಳ್ಳದೆ ಹೋಗಿದ್ದವರು ನಾವು.

ಬಂದ ಮೇಲೆ, ಆ ಗುಂಡಿಯ ವಿಷಯ ತಿಳಿದ ಮೇಲೆ, ಓದಲು ಕೂತೆ. ಪ್ರವಾಸಿ ಪುಸ್ತಕದಿಂದ ಶುರು ಮಾಡಲಿಲ್ಲ. ಭೂಪಟದಿಂದ ಶುರು ಮಾಡಿದೆ. ಅದೇ ಸರಿಯಾದ ದಾರಿ ಅಂತ ಈಗಲೂ ಅನ್ನಿಸುತ್ತದೆ. ದೇಶದ ಆಕಾರ ಕಣ್ಣಿಗೆ ಕೂತರೆ ಉಳಿದದ್ದು ಅದರ ಮೇಲೆ ಸುಲಭವಾಗಿ ಕೂರುತ್ತದೆ.

ವಿಯೆಟ್ನಾಂ ಉದ್ದಕ್ಕೆ ಮಲಗಿದ ದೇಶ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿ.ಮೀ. ನಡುವೆ ತೀರಾ ಕಿರಿದಾದ ಕಡೆ ಸಮುದ್ರಕ್ಕೂ ಲಾವೋಸ್ ಗಡಿಗೂ 50 ಕಿ.ಮೀ. ಅಂತರ ಅಷ್ಟೇ. ಪಶ್ಚಿಮದ ಉದ್ದಕ್ಕೂ ಟ್ರುವಾಂಗ್ ಸೋನ್ ಬೆಟ್ಟಸಾಲು. ಇಷ್ಟುದ್ದದ ದೇಶಕ್ಕೆ ಒಂದೇ ಹವಾಮಾನ ಇರಲು ಸಾಧ್ಯವೇ ಇಲ್ಲ. ಹನೋಯ್‌ನಲ್ಲಿ ನಿಜವಾದ ಚಳಿಗಾಲ ಇದೆ, ಸ್ವೆಟರ್ ಬೇಕು. ಅದೇ ದಿನ ಹೋ ಚಿ ಮಿನ್ ನಗರದಲ್ಲಿ ಜನ ಬಿಸಿಲಿಗೆ ಬೆವರುತ್ತಿರುತ್ತಾರೆ. ದಕ್ಷಿಣದಲ್ಲಿ ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆ, ಉಳಿದ ತಿಂಗಳು ಒಣ ಹವೆ. ಎರಡೇ ಕಾಲ.

ನಡುಭಾಗದ ಲೆಕ್ಕವೇ ಬೇರೆ. ನಾವು ಸಿಕ್ಕಿಕೊಂಡಿದ್ದು ಅಲ್ಲೇ. ಬೇಸಿಗೆಯಲ್ಲಿ ನೈಋತ್ಯದಿಂದ ಬರುವ ಗಾಳಿ ತನ್ನ ಮಳೆಯನ್ನೆಲ್ಲ ಬೆಟ್ಟದ ಆಚೆ ಲಾವೋಸ್ ಕಡೆ ಸುರಿದು, ಈಚೆ ಇಳಿಯುವಾಗ ಒಣಗಿ ಬಿಸಿಯಾಗಿರುತ್ತದೆ. ಅದನ್ನು ಅಲ್ಲಿನವರು ಲಾವೋಸ್ ಗಾಳಿ ಅಂತಲೇ ಕರೆಯುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಗಾಳಿ ದಿಕ್ಕು ಬದಲಿಸುತ್ತದೆ. ಈಶಾನ್ಯದಿಂದ ಸಮುದ್ರ ದಾಟಿ, ನೀರು ತುಂಬಿಕೊಂಡು ಬಂದು ಅದೇ ಬೆಟ್ಟಕ್ಕೆ ಈ ಕಡೆಯಿಂದ ಬಡಿಯುತ್ತದೆ. ಅದೇ ತಿಂಗಳುಗಳಲ್ಲಿ ಚಂಡಮಾರುತಗಳೂ ಬರುತ್ತವೆ. ಹ್ವೇ, ಡಾ ನಾಂಗ್, ಹೋಯ್ ಆನ್‌ನ ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಸುರಿಯುವುದು ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ. 1999ರ ನವೆಂಬರ್ ಮೊದಲ ವಾರದಲ್ಲಿ ಹ್ವೇ ನಗರದಲ್ಲಿ ಒಂದೇ ದಿನ 1,300 ಮಿ.ಮೀ.ಗಿಂತ ಜಾಸ್ತಿ ಮಳೆ ಬಿತ್ತು. ಗೋಡೆಯ ಮೇಲಿದ್ದ 1999ರ ಗೆರೆ ಅದು. ಅದನ್ನು ಓದಿದಾಗ ಮೊಮ್ಮಗ ಹೇಳಿದ ಆ ಒಂದೇ ಪದ ನೆನಪಾಯಿತು.

ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ದೇಶದ ಹವಾಮಾನ ಅಂತ ಹುಡುಕಬೇಡಿ. ಊರಿನ ಹವಾಮಾನ ಹುಡುಕಿ, ತಿಂಗಳ ಲೆಕ್ಕದಲ್ಲಿ. ಉಷ್ಣತೆ ಮಾತ್ರ ನೋಡಬೇಡಿ. ಮಳೆ ಎಷ್ಟು ಮಿ.ಮೀ., ತೇವ ಎಷ್ಟು ಅದನ್ನೂ ನೋಡಿ. ಆಮೇಲೆ ಗಾಳಿ ಯಾವ ಕಡೆಯಿಂದ ಬರುತ್ತದೆ, ಬೆಟ್ಟ ಯಾವ ಕಡೆ ಇದೆ ಅಂತ ಭೂಪಟದಲ್ಲಿ ಬೆರಳಿಟ್ಟು ನೋಡಿ. ಕಾರಣ ತಿಳಿದರೆ ಅಂಕಿ ಮರೆಯುವುದಿಲ್ಲ. ಹ್ವೇ ಮತ್ತು ಡಾ ನಾಂಗ್ ನಡುವೆ ಹಾಯ್ ವಾನ್ ಅನ್ನುವ ಘಾಟಿ ಇದೆ. ಹಾಗಂದರೆ ಕಡಲು, ಮೋಡ. ಬೆಟ್ಟ ಅಲ್ಲಿ ಸಮುದ್ರದವರೆಗೂ ಚಾಚಿಕೊಂಡು ಉತ್ತರದ ಚಳಿಗಾಳಿಯನ್ನು ತಡೆಯುತ್ತದೆ. ಎರಡನೇ ಸಲ ರೈಲಿನಲ್ಲಿ ಆ ಘಾಟಿ ಸುತ್ತಿಕೊಂಡು ಬಂದೆವು. ಆ ಕಡೆ ಬೂದು ಮೋಡ, ಈ ಕಡೆ ಬಿಸಿಲು. ಓದಿದ ಸಾಲು ಕಿಟಕಿಯ ಹೊರಗೆ ಕಂಡಂತಾಯಿತು.

ಇತಿಹಾಸ ಓದಲು ಶುರು ಮಾಡಿದಾಗ ನಾನು ಒಂದು ತಪ್ಪು ಮಾಡಿದೆ. ಮೀ ಸೋನ್ ಗುಡಿಗಳನ್ನು ಕಟ್ಟಿದ ಚಾಮ್ ಜನರ ಚಂಪಾ ರಾಜ್ಯಕ್ಕೆ ಮಾತ್ರ ಅಂಟಿಕೊಂಡೆ. ಕಾರಣ ಸುಲಭ. ಮೀ ಸೋನ್‌ನಲ್ಲಿ ನಾಲ್ಕನೇ ಶತಮಾನದ ಕೊನೆಯಲ್ಲಿ ಮೊದಲ ಗುಡಿ ಕಟ್ಟಿಸಿದ ರಾಜನ ಹೆಸರು ಭದ್ರವರ್ಮ. ದೇವರು ಭದ್ರೇಶ್ವರ. ಎಷ್ಟೋ ಶಾಸನಗಳು ಸಂಸ್ಕೃತದಲ್ಲಿವೆ. ಇದನ್ನೆಲ್ಲ ಓದಿದಾಗ ನಮ್ಮದೇ ಏನೋ ಸಿಕ್ಕಿತು ಅನ್ನುವ ಸಂತೋಷ ಆಗುತ್ತದೆ. ಆ ಸಂತೋಷ ತಪ್ಪಲ್ಲ. ಆದರೆ ಅಲ್ಲೇ ನಿಂತುಬಿಟ್ಟರೆ ನಾವು ಅವರ ದೇಶದಲ್ಲಿ ನಮ್ಮನ್ನೇ ಹುಡುಕಿಕೊಂಡು ಬಂದಂತೆ. ಚಾಮ್ ಜನ ಮುಗಿದುಹೋದ ಕತೆ ಅಲ್ಲ. 1471ರಲ್ಲಿ ಅವರ ರಾಜಧಾನಿ ವಿಜಯ ಬಿದ್ದ ಮೇಲೂ ಅವರು ಉಳಿದಿದ್ದಾರೆ. ದಕ್ಷಿಣದ ಕರಾವಳಿಯ ಫಾನ್ ರಾಂಗ್ ಊರಿನ ಸುತ್ತಮುತ್ತ ಇವತ್ತಿಗೂ ಇದ್ದಾರೆ. ಅವರಲ್ಲಿ ಒಂದು ಪಂಗಡವನ್ನು ಬಲಮೋನ್ ಅನ್ನುತ್ತಾರೆ, ಬ್ರಾಹ್ಮಣ ಅನ್ನುವುದರಿಂದ ಬಂದ ಹೆಸರು. ಇನ್ನೊಂದು ಪಂಗಡ ಬನಿ, ಅವರದು ಇಸ್ಲಾಂ ತಮ್ಮ ಹಳೇ ಪದ್ಧತಿಗಳ ಜೊತೆ ಬೆರೆತ ದಾರಿ. ಪೂಜೆ, ಭಾಷೆ, ಮದುವೆ ಎಲ್ಲದಕ್ಕೂ ಅವರದೇ ರೀತಿ ಇದೆ. ಅದು ಅವರದು.

ದೇಶದಲ್ಲಿ ಈಗ ಹೆಚ್ಚಿನ ಸಂಖ್ಯೆಯಲ್ಲಿರುವ ವಿಯೆಟ್ ಜನರ ಕತೆ ಬೇರೆ ದಿಕ್ಕಿನಿಂದ ಬರುತ್ತದೆ, ಉತ್ತರದಿಂದ. ಸಾವಿರ ವರ್ಷ ಚೀನಾದ ಆಳ್ವಿಕೆ. 938ರಲ್ಲಿ ಬಾಕ್ ಡಾಂಗ್ ನದಿಯಲ್ಲಿ ನ್ಗೋ ಕ್ವೆನ್ ಅದನ್ನು ಮುಗಿಸಿದ. ನದಿಯ ತಳದಲ್ಲಿ ಕಬ್ಬಿಣದ ಮೊನೆಯ ಗೂಟಗಳನ್ನು ನೆಟ್ಟ. ಉಬ್ಬರದಲ್ಲಿ ಶತ್ರುವಿನ ಹಡಗುಗಳನ್ನು ಒಳಗೆ ಬಿಟ್ಟುಕೊಂಡ. ಇಳಿತ ಬಂದಾಗ ಹಡಗುಗಳು ಗೂಟಕ್ಕೆ ಸಿಕ್ಕಿಕೊಂಡವು. ಕಡಲಿನ ಏರಿಳಿತ ತಿಳಿದವನು ಗೆದ್ದ. ಇದನ್ನು ಓದುವಾಗ ನೀರು ಉಕ್ಕುವ ಮುಂಚೆ ಸದ್ದಿಲ್ಲದೆ ಕುರ್ಚಿ ಸಾಗಿಸುತ್ತಿದ್ದ ಆ ಮನೆಯವರು ಕಣ್ಣ ಮುಂದೆ ಬಂದರು.

ಆಮೇಲಿನ ಭಾಗ ನಮಗೆಲ್ಲ ಅಷ್ಟಿಷ್ಟು ಗೊತ್ತು. 1858ರಲ್ಲಿ ಫ್ರೆಂಚರು ಡಾ ನಾಂಗ್ ಮೇಲೆ ದಾಳಿ ಮಾಡಿದರು. 1954ರಲ್ಲಿ ಡಿಯೆನ್ ಬಿಯೆನ್ ಫೂನಲ್ಲಿ ಸೋತರು. ದೇಶ ಎರಡಾಯಿತು. 1975ರ ಏಪ್ರಿಲ್ 30ಕ್ಕೆ ಅಮೆರಿಕದ ಜೊತೆಗಿನ ಯುದ್ಧ ಮುಗಿಯಿತು. ಅಲ್ಲಿ ಅದಕ್ಕೆ ವಿಯೆಟ್ನಾಂ ಯುದ್ಧ ಅನ್ನುವುದಿಲ್ಲ. ಅಮೆರಿಕದ ವಿರುದ್ಧದ ಹೋರಾಟ ಅನ್ನುತ್ತಾರೆ. ಆದರೆ ಗೆದ್ದವರ ಮಾತು ಓದಿದರೆ ಸಾಲದು. 1975ರ ನಂತರ ದೋಣಿ ಹತ್ತಿ ದೇಶ ಬಿಟ್ಟ ಲಕ್ಷಾಂತರ ಜನರ ಮಾತನ್ನೂ ಓದಬೇಕು. ಒಂದೇ ಮನೆಯಲ್ಲಿ ಎರಡೂ ಕಡೆಯವರು ಇದ್ದ ಉದಾಹರಣೆಗಳಿವೆ. ಹಾಗಾಗಿ ಅಲ್ಲಿ ಯಾರನ್ನೂ "ನಿಮ್ಮ ಮನೆಯವರು ಯಾವ ಕಡೆ ಇದ್ದರು" ಅಂತ ಕೇಳಬಾರದು ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳುವುದು.

ನನ್ನನ್ನು ಬಹಳ ಕಾಡಿದ್ದು ಯುದ್ಧಕ್ಕಿಂತ ಒಂದು ಬರಗಾಲ. 1944-45ರಲ್ಲಿ ಉತ್ತರ ವಿಯೆಟ್ನಾಂನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆಗ ಅಲ್ಲಿ ಫ್ರೆಂಚರ ಆಡಳಿತದ ಮೇಲೆ ಜಪಾನಿನ ಸೇನೆ ಕೂತಿತ್ತು. ಭತ್ತ ಬೆಳೆಯುವ ಗದ್ದೆಯಲ್ಲಿ ಸೆಣಬು ಬೆಳೆಸಿದರು. ಇದ್ದ ಭತ್ತವನ್ನು ಸೇನೆಗೆ ವಸೂಲಿ ಮಾಡಿದರು. ಅದೇ ವರ್ಷ ಬಿರುಗಾಳಿ, ಪ್ರವಾಹ ಬಂದು ಬೆಳೆ ಹೋಯಿತು. ದಕ್ಷಿಣದಲ್ಲಿ ಅಕ್ಕಿ ಇತ್ತು. ತರುವ ದಾರಿ ಇರಲಿಲ್ಲ, ರೈಲು ಹಳಿಗಳ ಮೇಲೆ ಅಮೆರಿಕದ ವಿಮಾನಗಳು ಬಾಂಬು ಹಾಕುತ್ತಿದ್ದವು. ಆ ಹಸಿವಿನಲ್ಲಿ, ಹೋ ಚಿ ಮಿನ್ ಮುಂದಾಳತ್ವದ ವಿಯೆಟ್ ಮಿನ್ ಸಂಘಟನೆಯ ಹೋರಾಟಗಾರರು ಉಗ್ರಾಣಗಳನ್ನು ಒಡೆದು ಭತ್ತ ತೆಗೆದುಕೊಳ್ಳಿ ಅಂತ ಜನರಿಗೆ ಕರೆ ಕೊಟ್ಟರು. ಜನ ಅವರ ಹಿಂದೆ ಹೋದರು. 1945ರ ಸೆಪ್ಟೆಂಬರ್ 2ರಂದು ಹನೋಯ್‌ನ ಬಾ ಡಿನ್ ಚೌಕದಲ್ಲಿ ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಿಸಿದಾಗ ಎದುರಿಗೆ ನಿಂತಿದ್ದ ಜನ ಅದೇ ವರ್ಷ ಆ ಹಸಿವನ್ನು ಕಂಡವರು.

ಇದನ್ನು ಓದಿದ ಮೇಲೆ ಇತಿಹಾಸ ಒಂದು ಪುಸ್ತಕ, ಊಟ ಇನ್ನೊಂದು ಪುಸ್ತಕ, ಹವಾಮಾನ ಮತ್ತೊಂದು ಅಂತ ಓದುವುದನ್ನು ಬಿಟ್ಟೆ. ಗಾಳಿ, ಗದ್ದೆ, ಸೇನೆ, ಬಟ್ಟಲು ಎಲ್ಲ ಒಂದೇ ಕತೆಯಲ್ಲಿವೆ. ಹನೋಯ್‌ನ ಒಂದು ಸಣ್ಣ ಅಂಗಡಿಯಲ್ಲಿ ನಮ್ಮ ಎದುರು ಕೂತಿದ್ದ ಮುದುಕರೊಬ್ಬರು ಬಟ್ಟಲನ್ನು ಬಾಯಿಯ ಹತ್ತಿರ ಹಿಡಿದು ಕೊನೆಯ ಅಗುಳನ್ನೂ ಕಡ್ಡಿಯಿಂದ ಬಳಿದು ತಿಂದರು. ಅದಕ್ಕೆ ಏನು ಕಾರಣವೋ, ನಾನು ಕೇಳಲಿಲ್ಲ. ನನ್ನ ಬಟ್ಟಲಿನಲ್ಲಿ ಉಳಿದಿದ್ದನ್ನು ತಿಂದು ಮುಗಿಸಿದೆ.

ಅನ್ನದ ವಿಷಯ ಬಂದಿದ್ದಕ್ಕೆ ಇದನ್ನು ಹೇಳಲೇಬೇಕು. ಇಂಗ್ಲಿಷಿನಲ್ಲಿ ಎಲ್ಲಕ್ಕೂ ರೈಸ್. ನಮ್ಮಲ್ಲಿ ಗದ್ದೆಯಲ್ಲಿದ್ದರೆ ಭತ್ತ, ಡಬ್ಬದಲ್ಲಿದ್ದರೆ ಅಕ್ಕಿ, ತಟ್ಟೆಯಲ್ಲಿದ್ದರೆ ಅನ್ನ. ವಿಯೆಟ್ನಾಮಿ ಭಾಷೆಯಲ್ಲೂ ಹಾಗೇ. ಭತ್ತಕ್ಕೆ ಲುವಾ, ಅಕ್ಕಿಗೆ ಗಾವ್, ಅನ್ನಕ್ಕೆ ಕಮ್. ನಾಟಿ ಮಾಡುವ ಸಸಿಗೂ ಬೇರೆ ಹೆಸರಿದೆ, ಮಾ. ಅದನ್ನು ಸ್ವಲ್ಪ ಬೇರೆ ರಾಗದಲ್ಲಿ ಅಂದರೆ ದೆವ್ವ, ಇನ್ನೊಂದು ರಾಗದಲ್ಲಿ ಅಂದರೆ ಅಮ್ಮ, ಮತ್ತೊಂದರಲ್ಲಿ ಕುದುರೆ. ಆರು ರಾಗಗಳಿವೆ, ನನ್ನ ನಾಲಿಗೆಗೆ ಹೊಂದಿದ್ದು ಎರಡೋ ಮೂರೋ. ಇನ್ನೊಂದು ಖುಷಿ ಕೊಟ್ಟ ಸಂಗತಿ, ಅಲ್ಲಿ ಎಲ್ಲರನ್ನೂ ನಂಟಸ್ತಿಕೆಯಿಂದಲೇ ಮಾತಾಡಿಸುತ್ತಾರೆ. ಅಂಗಡಿಯವನು ಅಣ್ಣ, ಬಸ್ಸಿನಲ್ಲಿ ಪಕ್ಕ ಕೂತವಳು ತಂಗಿ. ಅಣ್ಣನಿಗೆ ಆನ್. ಅಜ್ಜಿಗೆ ಬಾ. ನಾನು ನಾಲ್ಕು ದಿನ ಒಬ್ಬ ಅಜ್ಜಿಯನ್ನು ಮೇಡಂ ಅಂದಿದ್ದೆ.

ಅಕ್ಕನ ಊಟದ ಕಷ್ಟಕ್ಕೂ ಉತ್ತರ ಸಿಕ್ಕಿತು. ಅಲ್ಲಿ ಉಪ್ಪಿನ ಜಾಗದಲ್ಲಿರುವುದು ನುಕ್ ಮಾಮ್, ಮೀನಿನ ರಸ. ಸಣ್ಣ ಮೀನಿಗೆ ಉಪ್ಪು ಬೆರೆಸಿ ಮರದ ಪೀಪಾಯಿಯಲ್ಲಿ ಒಂದು ವರ್ಷದಷ್ಟು ಕಾಲ ಬಿಟ್ಟು ತೆಗೆದ ರಸ. ಉದ್ದನೆಯ ಕರಾವಳಿ, ಬಿಸಿ ಹವೆ, ಬೇಗ ಕೆಡುವ ಮೀನು. ಅದನ್ನು ಉಳಿಸಿಕೊಳ್ಳಲು ಕಂಡುಕೊಂಡ ದಾರಿ ಅದು. ಮಾಂಸ ಬೇಡ ಅಂದರೆ ಮಾಂಸ ತೆಗೆಯುತ್ತಾರೆ, ಉಪ್ಪನ್ನು ಯಾರು ತೆಗೆಯುತ್ತಾರೆ? ಕೇಳಬೇಕಾದ ಪದ ಚಯ್. ಬೌದ್ಧರ ವ್ರತದ ಊಟ. ಅದರಲ್ಲಿ ಮೀನಿನ ರಸವೂ ಇರುವುದಿಲ್ಲ, ಬದಲಿಗೆ ಸೋಯಾ ರಸ ಇರುತ್ತದೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಸುಮಾರಾಗಿ ಅಮಾವಾಸ್ಯೆ, ಹುಣ್ಣಿಮೆಗೆ, ಎಷ್ಟೋ ಜನ ಚಯ್ ಊಟವನ್ನೇ ಮಾಡುತ್ತಾರೆ. ಅಕ್ಕ ಕ್ಯಾಲೆಂಡರ್ ಹಿಡಿದು ಕೂತಳು. ಹುಣ್ಣಿಮೆಯ ದಿನ ಹ್ವೇಯಲ್ಲಿರುವ ಹಾಗೆ ಪ್ರವಾಸದ ದಿನಗಳನ್ನು ಅವಳೇ ಜೋಡಿಸಿದಳು. ಗುಡಿಗಳೂ ಬೌದ್ಧ ಭಿಕ್ಷುಗಳೂ ಜಾಸ್ತಿ ಇರುವ ಹಳೇ ರಾಜಧಾನಿ ಅದು. ಅಲ್ಲಿ ಅವತ್ತು ಬೆಳಿಗ್ಗೆಯಿಂದ ರಾತ್ರಿವರೆಗೆ ಅವಳು ನಾಲ್ಕು ಸಲ ತಿಂದಳು. ಅವಳ ಮುಖ ನೋಡಿ ನನಗೆ ಹೊಟ್ಟೆ ತುಂಬಿತು.

ಫೋ ಅನ್ನುವ ಅಕ್ಕಿ ಶಾವಿಗೆಯ ಸಾರಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಒಂದೇ ಮಾತು ಹೇಳುತ್ತೇನೆ. ಅದು ಉತ್ತರದ ತಿನಿಸು, ಬೆಳಗಿನ ತಿಂಡಿ. 1954ರಲ್ಲಿ ದೇಶ ಎರಡಾದಾಗ ಎಂಟು ಲಕ್ಷಕ್ಕೂ ಹೆಚ್ಚು ಜನ ಉತ್ತರದಿಂದ ದಕ್ಷಿಣಕ್ಕೆ ಹೋದರು, ಅವರ ಜೊತೆ ಫೋ ಕೂಡ ಹೋಯಿತು. ಸೊಪ್ಪು, ಮೊಳಕೆಕಾಳು, ಸಿಹಿ ಸಾಸು ಎಲ್ಲ ಅಲ್ಲಿ ಸೇರಿಕೊಂಡವು. ಉತ್ತರದಲ್ಲಿ ಇವತ್ತಿಗೂ ಬರೀ ಸಾರು, ಶಾವಿಗೆ, ಮಾಂಸ, ಈರುಳ್ಳಿ ಸೊಪ್ಪು. ಯುದ್ಧದ ದಿನಗಳಲ್ಲಿ ಸರಕಾರಿ ಅಂಗಡಿಗಳಲ್ಲಿ ಮಾಂಸವೇ ಇಲ್ಲದ ಫೋ ಕೊಡುತ್ತಿದ್ದರು. ಜನ ಅದಕ್ಕೆ ಇಟ್ಟ ಹೆಸರು "ಪೈಲಟ್ ಇಲ್ಲದ ಫೋ". ತಲೆಯ ಮೇಲೆ ಹಾರುತ್ತಿದ್ದ ಅಮೆರಿಕದ ಪೈಲಟ್ ಇಲ್ಲದ ವಿಮಾನಗಳಿಂದ ಬಂದ ಹೆಸರು. ಹಸಿವಿನ ನಡುವೆ ಹೀಗೆ ಮಾತಾಡಲು ಎಂಥ ಗಟ್ಟಿತನ ಬೇಕು! ಮೊಟ್ಟೆ ಕಾಫಿಯೂ ಕೊರತೆಯಿಂದ ಹುಟ್ಟಿದ್ದೇ. 1946ರಲ್ಲಿ ಹನೋಯ್‌ನಲ್ಲಿ ಹಾಲು ಸಿಗದಿದ್ದಾಗ ಹೋಟೆಲ್ ಕೆಲಸದಲ್ಲಿದ್ದ ನ್ಗುಯೆನ್ ವಾನ್ ಜಾಂಗ್ ಮೊಟ್ಟೆಯ ಹಳದಿಯನ್ನು ನೊರೆ ಬರುವಂತೆ ಕಡೆದು ಕಾಫಿಗೆ ಹಾಕಿದರು.

ಎರಡನೇ ಸಲ ಮಾರ್ಚ್‌ನಲ್ಲಿ ಹೋದೆವು. ಮೂರೂ ಭಾಗಗಳಿಗೆ ಸುಮಾರಾಗಿ ಒಗ್ಗುವ ತಿಂಗಳು. ಟೆಟ್ ಹಬ್ಬ, ಅಂದರೆ ಅವರ ಹೊಸ ವರ್ಷ, ಜನವರಿ ಕೊನೆಗೋ ಫೆಬ್ರವರಿಗೋ ಬಂದು ಮುಗಿದಿರುತ್ತದೆ. ಹಬ್ಬದ ದಿನಗಳಲ್ಲಿ ಊರೆಲ್ಲ ಊರಿಗೆ ಹೋಗಿರುತ್ತದೆ, ಅಂಗಡಿ ಮುಚ್ಚಿರುತ್ತವೆ, ರೈಲಿನಲ್ಲಿ ಜಾಗ ಇರುವುದಿಲ್ಲ. ಮಾರ್ಚ್‌ನ ಹನೋಯ್‌ನಲ್ಲಿ ನೋಮ್ ಅಂತ ಒಂದಿದೆ. ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಅಂದರೆ ನೆಲ, ಗೋಡೆ ಬೆವರುತ್ತವೆ, ಬಟ್ಟೆ ಒಣಗುವುದಿಲ್ಲ. ಜಿಟಿಜಿಟಿ ಮಳೆ. ಮೊದಲೇ ಗೊತ್ತಿದ್ದರಿಂದ ಬೇಸರ ಆಗಲಿಲ್ಲ. ಬೇಗ ಒಣಗುವ ಬಟ್ಟೆ ತಂದಿದ್ದೆವು. ಆ ತೇವದಲ್ಲಿ ಬಿಸಿ ಕೋಳಿ ಫೋ ಮುಂದೆ ಕೂತಾಗ ಇದು ಈ ಊರಿನಲ್ಲೇ ಯಾಕೆ ಹುಟ್ಟಿತು ಅಂತ ಯಾರೂ ಹೇಳಬೇಕಾಗಲಿಲ್ಲ.

ಮೀ ಸೋನ್‌ಗೆ ಮತ್ತೆ ಹೋದೆವು. ಆ ತಗ್ಗು ಈ ಸಲ ಒಣಗಿತ್ತು, ಹುಲ್ಲು ಬೆಳೆದಿತ್ತು. ಸ್ವಲ್ಪ ಹೊತ್ತು ನಿಂತೆವು. ಫೋಟೋ ತೆಗೆಯಲಿಲ್ಲ.

ಸಂಜೆ ಹೋಯ್ ಆನ್‌ನ ಅದೇ ಮನೆಗೆ ಹೋದೆವು. ಕೆಳಗಿನ ಕೋಣೆಯಲ್ಲಿ ಕುರ್ಚಿ, ಮೇಜು, ಫ್ರಿಜ್ ಎಲ್ಲ ಅದರದರ ಜಾಗದಲ್ಲಿದ್ದವು. ಗೋಡೆಯ ಮೇಲೆ 1964, 1999ರ ಜೊತೆ ಇನ್ನೊಂದು ಗೆರೆ ಸೇರಿತ್ತು. ಪಕ್ಕದಲ್ಲಿ ನಾವು ಅಲ್ಲಿದ್ದ ವರ್ಷ. ಅಕ್ಕ ಹೋಗಿ ಅದರ ಪಕ್ಕ ನಿಂತಳು. ಗೆರೆ ಅವಳ ಸೊಂಟದ ಮಟ್ಟಕ್ಕಿತ್ತು. "ಬಾ" ಅಂತ ಕರೆದೆ, ರಾಗ ಸರಿಯಾಗಿ ಬಂತೋ ಇಲ್ಲವೋ. ಅಜ್ಜಿ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ, ಆ ನಾಲ್ಕು ದಿನ ನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದನ್ನೇ ಕೇಳಿದರು.

"ಅನ್ ಕಮ್ ಚುಅ?"

ಊಟ ಆಯ್ತಾ?